ಬಾಲಮ್ಮ ಖಾಲಿ ಬಿಟ್ಟ ಹತ್ತು ಮೊಳ

ಮುಂಬ್ರಾದಲ್ಲಿ ಮನೆಯ ಹಿಂದೆ ಹತ್ತು ಮೊಳ ಜಾಗ ಖಾಲಿ ಬಿಟ್ಟವರನ್ನು ಜನ ಹುಚ್ಚರೆನ್ನುತ್ತಾರೆ. ಬಾಲಮ್ಮನನ್ನೂ ಅಂದರು. ನಾನೂ ಅಂದವಳೇ. ಅದೇ ಓಣಿಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿರುವ ನನಗೆ ಬಟ್ಟೆಗಿಂತ ಹೆಚ್ಚಾಗಿ ಮಂದಿಯ ಅಳತೆ ತೆಗೆಯುವ ಚಾಳಿ.

ವಿಜಯಪುರದ ಕಡೆಯ ಬಾಲಮ್ಮ ಮೂವತ್ತು ವರ್ಷ ಠಾಣೆ, ಕಲ್ಯಾಣದ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತವಳು. ಗುಡ್ಡದ ಬುಡದಲ್ಲಿ, ಅರಣ್ಯದ ಗಡಿಗೋಡೆಯ ಈಚೆ, ಒಂದು ತುಂಡು ಜಾಗ ಕೊಂಡಳು. ಮಾಘ ಕಳೆದರೆ ಆ ಗುಡ್ಡದ ಹುಲ್ಲೆಲ್ಲ ಒಣಗಿ ಹೊನ್ನಿನ ಬಣ್ಣವಾಗುತ್ತದೆ. ಸಂಜೆ ಖಾಡಿಯ ಹಿನ್ನೀರಿನ ಕಡೆಯಿಂದ ಗಾಳಿ ಬೀಸಿದಾಗ ಇಡೀ ಗುಡ್ಡ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಕಾಣುತ್ತದೆ. ಕೆಳಗೆ ಲೋಕಲ್ ಗಾಡಿಯ ಸದ್ದು ಕೂಡ ಎಲ್ಲೋ ನೀರಿನಡಿಯಿಂದ ಬಂದ ಹಾಗಿರುತ್ತದೆ. ಅಲ್ಲಿ ಅರ್ಧ ಗಂಟೆ ಕೂತರೆ ನನಗೆ ಬಾಡಿಗೆಯ ಚಿಂತೆಯೂ ಮರೆತುಹೋಗುತ್ತದೆ.

ಅವಳ ಊರಿನಲ್ಲಿ ಮುಂಗಾರಿಗೆ ಮೊದಲು ಹೊಲದ ಕಸ ಕೂಡಿಸಿ ಸುಡುತ್ತಾರೆ. ಬಯಲಿನ ಬೆಂಕಿ ಬದುವಿಗೆ ಬಂದು ತಾನೇ ಆರುತ್ತದೆ. ಏಳು ವರ್ಷದ ಹಿಂದೆ ಬಾಲಮ್ಮ ಅದೇ ರೂಢಿಯಿಂದ ಹೊಸ ಜಾಗದ ಕಸಕ್ಕೆ ಕಡ್ಡಿ ಗೀರಿದಳು. ಆರಿತೆಂದುಕೊಂಡು ಕೆಲಸಕ್ಕೆ ಹೋದಳು. ಗುಡ್ಡಕ್ಕೆ ಬದು ಎಲ್ಲಿಯದು? ಮಧ್ಯಾಹ್ನದ ಗಾಳಿಗೆ ಬೆಂಕಿ ಹುಲ್ಲು ಹಿಡಿದು ಮೇಲೇರಿತು, ಪಕ್ಕದ ಗೌಂಡಿ ಮಾಪಣ್ಣನ ತಾಡಪತ್ರಿ ಗುಡಿಸಲನ್ನೂ ನುಂಗಿತು. ಜೀವಗಳು ಉಳಿದವು. ಆದರೆ ಆ ದಿನ ಮಾಪಣ್ಣ ಗುಡಿಸಲ ಹಿಂದೆ ಬೀಡಿ ಸೇದಿ ಎಸೆದಿದ್ದ. ತನ್ನಿಂದಲೇ ಆಯಿತೆಂದು ಅವನೇ ನಂಬಿದ. ಅವನ ಹೆಂಡತಿ ಪಾರವ್ವ ಓಣಿಗೆಲ್ಲ ಕೇಳುವಂತೆ ಬೈದಳು. ಬಾಲಮ್ಮ ಬಾಯಿ ಬಿಡಲಿಲ್ಲ.

ಬಾಯಿಯ ಬದಲು ಕೈ ದುಡಿಯಿತು. ಕೂಲಿ ಮುಟ್ಟದೆ ಮಾಪಣ್ಣನ ಮನೆಗೆ ಇಟ್ಟಿಗೆ ಹೊತ್ತಳು. ಆಮೇಲೆ ಅವನಿಂದಲೇ ತನ್ನದನ್ನೂ ಕಟ್ಟಿಸಿಕೊಂಡಳು. ಗುಡ್ಡದ ಕಡೆಯ ಗೋಡೆಗೆ ಕಿಟಕಿ ಬೇಡವೆಂದಳು. ಮಾಡಿನ ತಗಡಿನ ಪತ್ರಾ ಮತ್ತು ಗೋಡೆಯ ನಡುವೆ ಕಿಡಿ ನುಸುಳದಂತೆ ಸಿಮೆಂಟು ಮೆತ್ತಿಸಿದಳು. ಎರಡೂ ಮನೆಗಳ ಹಿಂದೆ ಹತ್ತು ಮೊಳ ಖಾಲಿ. ಅಲ್ಲಿನ ಹುಲ್ಲನ್ನು ಪ್ರತಿ ವರ್ಷ ಕುಡುಗೋಲಿನಿಂದ ಕೊಯ್ದು ತಬೇಲೆಯ ಎಮ್ಮೆಗಳಿಗೆ ಕೊಡುವಳು. ಬೇರು ಕೀಳುತ್ತಿರಲಿಲ್ಲ, ಕಿತ್ತರೆ ಮಳೆಗಾಲದಲ್ಲಿ ಗುಡ್ಡವೇ ಒಳಗೆ ಬಂದೀತು. ಬೆಂಕಿಗೆ ಓಡಿಹೋಗಿದ್ದ ಕೌಜುಗಗಳು ಮೇಲಿನ ಇಳಿಜಾರಿನಲ್ಲಿ ಮತ್ತೆ ಕೂಗತೊಡಗಿದಾಗ ಅವಳು ಊಟ ಬಿಟ್ಟು ಎದ್ದು ಬಂದು ಕೇಳಿದ್ದನ್ನು ನಾನು ಕಂಡಿದ್ದೇನೆ.

ಈ ವರ್ಷ ಸೊಸೆ ಕಾಂಚನಾ ಬಸುರಿಯಾದಳು. ಶಹಾಡದ ಬಾಡಿಗೆ ಮನೆಯಲ್ಲಿದ್ದ ಮಗ ಅನಿಲಕುಮಾರ, ಮನೆಯ ಹಿಂದೆ ಒಂದು ಖೋಲಿ ಕಟ್ಟಿದರೆ ಬಂದು ಇರುತ್ತೇವೆ ಎಂದ. ಮೊಮ್ಮಗು ತನ್ನ ಮನೆಯಲ್ಲಿ ಆಡುವ ಕನಸು ಯಾರಿಗೆ ಬೇಡ? ಬಾಲಮ್ಮ ಹೂಂ ಎಂದುಬಿಟ್ಟಳು. ಭಾನುವಾರ ಮಗ-ಸೊಸೆಯ ಎದುರೇ ಮಾಪಣ್ಣ ಬಂದು ಖಾಲಿ ಜಾಗಕ್ಕೆ ಗೂಟ ಹೊಡೆದು ದಾರ ಕಟ್ಟಿದ. ದಾರ ಬಿಗಿಯುತ್ತಲೇ ಬಾಲಮ್ಮನ ಮುಖ ಬಿಳಚಿತು.

"ಮಾಪಣ್ಣಾ, ದಾರ ಬಿಚ್ಚು. ಇಲ್ಲಿ ಖೋಲಿ ಬ್ಯಾಡ."

"ಅವ್ವಾ, ಮತ್ತ ಅದಾ ಚಾಲೂ ಮಾಡಿದಿ?" ಮಗ ರೇಗಿದ. "ಬೆಂಕಿ ಬಿದ್ರ ಫೈರ್ ಬ್ರಿಗೇಡ್ ಇಲ್ಲೇನು?"

"ಈ ಗಲ್ಯಾಗ ರಿಕ್ಷಾನೂ ತಿರುಗೂದಿಲ್ಲ. ಅದೆಲ್ಲಿಂದ ಬರ್ತೈತೋ?"

ಮಾಪಣ್ಣ ನಕ್ಕ. "ಅಂಜಬ್ಯಾಡ ಅಕ್ಕಾ. ಸುಡಾಂವ ಬೀಡಿ ಬಿಟ್ಟು ಏಳು ವರ್ಷ ಆತು. ಇನ್ಯಾರು ಸುಡ್ತಾರ?"

ಅವನ ಆ ನಗುವನ್ನು ಬಾಲಮ್ಮನಿಗೆ ಸಹಿಸಲಾಗಲಿಲ್ಲ.

"ಸುಟ್ಟಾಕಿ ನಾನು, ಮಾಪಣ್ಣಾ. ಅವತ್ತ ಮುಂಜಾನೆ ಕಸಕ್ಕ ಬೆಂಕಿ ಹಚ್ಚಿ ಹೋಗಿದ್ದೆ. ನಿನ್ನ ಬೀಡಿ ಅಲ್ಲ."

ನಾನು ನನ್ನ ಹಿತ್ತಲಲ್ಲಿ ಬಟ್ಟೆ ಹಿಡಿದು ನಿಂತೇ ಇದ್ದೆ. ಮಾಪಣ್ಣ ಕುಕ್ಕರಗಾಲಲ್ಲಿ ಕೂತ.

"ಪಾರವ್ವ ಇದ್ದಾಗ ಹೇಳಬೇಕಿತ್ತಕ್ಕಾ," ಎಂದ. "ಹ್ವಾದ ಶ್ರಾವಣದಾಗ ಸಾಯೂ ಮುಂದೂ ಆಕಿ ನನಗ 'ಮನಿ ಸುಟ್ಟಾಂವ' ಅಂತಾನ ಕರದ್ಲು."

ಬಾಲಮ್ಮನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು, ಅಷ್ಟೇ ಮರುಕವೂ ಆಯಿತು. ಮಾಪಣ್ಣ ಎದ್ದು ನಾಲ್ಕೂ ಗೂಟ ಕಿತ್ತ, ದಾರ ಸುತ್ತಿಕೊಂಡ, ತನ್ನ ಮನೆಯೊಳಗೆ ಹೋದ. ಅನಿಲಕುಮಾರ ಕಾಂಚನಾಳನ್ನು ಕರೆದುಕೊಂಡು ಸಂಜೆಯ ಗಾಡಿಗೆ ಶಹಾಡಕ್ಕೆ ಹೊರಟ.

ಗುಡ್ಡದ ಹುಲ್ಲಿನ ಮೇಲೆ ಕೊನೆಯ ಬಿಸಿಲು ಜಾರುತ್ತಿತ್ತು. ಬಾಲಮ್ಮ ಖಾಲಿ ಜಾಗದ ನಡುವೆ ಒಬ್ಬಳೇ ನಿಂತಿದ್ದಳು. ಆಗ ಪಕ್ಕದ ಮನೆಯೊಳಗಿಂದ, ಹೆಂಡತಿಯ ಫೋಟೋದ ಎದುರು ನಿಂತಿದ್ದಿರಬೇಕು, ಮಾಪಣ್ಣನ ದನಿ ನಮ್ಮಿಬ್ಬರಿಗೂ ಕೇಳಿಸಿತು.

"ಕೇಳಿದೇನ, ಪಾರೂ? ನಾನಲ್ಲಂತ."

ಬಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತಳು.