ಕಂಟೋನ್ಮೆಂಟಿನಲ್ಲಿ ಶಂಖ ಊದಿದ ಸಂಜೆ

ಬಳ್ಳಾರಿಯ ಕಂಟೋನ್ಮೆಂಟಿನ ಬಾಡಿಗೆ ಮನೆಗೆ ಬಂದ ಮೊದಲ ಸಂಜೆ ದೀಪ ಹಚ್ಚಿ ಮೂರು ಸಲ ಶಂಖ ಊದಿದೆ. ಮೂರನೆಯ ಸಲದ ದನಿ ಅಡಗುವ ಮೊದಲೇ ಗೇಟಿನ ಮುಂದೆ ಆರೇಳು ಜನ ಸೇರಿದ್ದರು. ಮನೆಯ ಒಡತಿ ಸರೋಜಮ್ಮ ಒಲೆಯ ಮೇಲಿನ ಹಾಲನ್ನು ಹಾಗೇ ಬಿಟ್ಟು ಓಡಿ ಬಂದಿದ್ದರು.

"ಯಾರು ತೀರಿಕೊಂಡ್ರಮ್ಮಾ? ಮುಂಜಾನಿ ಸಾಮಾನು ಇಳಿಸುವಾಗ ಎಲ್ಲಾರೂ ಚಲೋ ಇದ್ರಲ್ಲ," ಎಂದರು.

ನಾನು ಶಂಖ ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತೆ. ಇಲ್ಲಿ ಗುಡಿಯ ಹೊರಗೆ, ಬೀದಿಯಲ್ಲಿ ಶಂಖ ಕೇಳಿಸಿದರೆ ಹೆಣ ಹೊರಟಿದೆ ಎಂದೇ ಜನ ತಿಳಿಯುತ್ತಾರೆ. ಜಂಗಮರು ಊದುತ್ತ ಮುಂದೆ ನಡೆಯುತ್ತಾರೆ, ಮಂದಿ ಹಿಂದೆ ಬರುತ್ತಾರೆ. ಹೆಂಗಸು ಊದುವುದನ್ನಂತೂ ಯಾರೂ ಕಂಡಿಲ್ಲ. ನಮ್ಮ ಬಂಗಾಲಿ ಕ್ಯಾಂಪಿನಲ್ಲಿ ಹೊತ್ತು ಮುಳುಗಿದರೆ ಮನೆಮನೆಯಲ್ಲೂ ಹೆಂಗಸರೇ ಊದುವುದು. ಯಾವ ಮನೆಯಿಂದ ದನಿ ಬರಲಿಲ್ಲವೋ ಆ ಮನೆಗೆ ಏನಾಯಿತೆಂದು ವಿಚಾರಿಸಲು ಹೋಗುತ್ತಾರೆ. ಅಲ್ಲಿ ಊದದಿದ್ದರೆ ಸೂತಕ, ಇಲ್ಲಿ ಊದಿದರೆ ಸೂತಕ. ಇಷ್ಟು ವರ್ಷ ಕನ್ನಡ ಓದಿದವಳಿಗೆ ಇದೊಂದು ಗೊತ್ತಿರಲಿಲ್ಲ.

ಕ್ಯಾಂಪಿನ ಓದುಗರಿಗೆ ನಾನು ಯಾರೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಾನು ಸಿಂಧನೂರು ಕಡೆಯ ಬಂಗಾಲಿ ಕ್ಯಾಂಪಿನವಳು. ನನ್ನ ಅಜ್ಜ ಪೂರ್ವ ಬಂಗಾಳದ ಖುಲ್ನಾ ಕಡೆಯವನು. ಆ ಊರು ಬೇರೆ ದೇಶದ ಪಾಲಾದಾಗ ಉಟ್ಟ ಬಟ್ಟೆಯಲ್ಲಿ ಹೊರಟು ಬಂದ. ಅಜ್ಜಿಯ ಸೆರಗಿನ ಗಂಟಿನಲ್ಲಿ ಈ ಶಂಖ ಇತ್ತು. ಎಲ್ಲೆಲ್ಲೋ ಡೇರೆಗಳಲ್ಲಿ ಇಟ್ಟುಕೊಂಡ ಸರ್ಕಾರ ಕೊನೆಗೆ ತಾನೇ ರೈಲು ಹತ್ತಿಸಿ ಈ ಎರೆಭೂಮಿಯಲ್ಲಿ ತಂದು ಇಳಿಸಿತು. ನಾವು ಗೋಡೆ ಹಾರಿ ಬಂದವರಲ್ಲ, ಕರೆತಂದು ಕೂರಿಸಿದವರು. ನಾನು ಹುಟ್ಟಿದ್ದು ಇಲ್ಲಿ. ಅ ಆ ಇ ಈ ತಿದ್ದಿದ್ದು ಇಲ್ಲಿ. ಕನ್ನಡ ಎಂ.ಎ. ಮಾಡಿದ್ದೂ ಇಲ್ಲೇ. ಹೀಗಿದ್ದೂ ನನ್ನನ್ನು ಕಂಡವರೆಲ್ಲ ಮೊದಲು ಕೇಳುವುದು ನಾನು ಯಾವಾಗ ಬಂದೆ ಎಂದು.

ಬಳ್ಳಾರಿಗೆ ಬರುವ ಮೊದಲು ಆರು ವರ್ಷ ಸಿರುಗುಪ್ಪದಲ್ಲಿದ್ದೆವು. ಗಂಡ ಬಿಪಿನ್ ಅಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್. ಗಿರಣಿಯ ಮಗ್ಗುಲಲ್ಲೇ ನಮ್ಮ ಕೋಣೆ. ಹಗಲೂ ಇರುಳೂ ಅದರ ಸದ್ದಿನಲ್ಲಿ ನನ್ನ ಶಂಖ ಯಾರ ಕಿವಿಗೂ ಬೀಳಲಿಲ್ಲ, ಅದೇ ನಮ್ಮ ಅದೃಷ್ಟವಾಗಿತ್ತು. ಸುತ್ತಲಿನ ಕ್ಯಾಂಪುಗಳಲ್ಲಿ ಆಂಧ್ರದಿಂದ ಬಂದವರಿದ್ದರು. ಕಾಲುವೆಗೆ ನೀರು ಬಂದಾಗ ಗುಂಟೂರು, ಗೋದಾವರಿ ಕಡೆಯಿಂದ ಬಂದು ಹೊಲ ಕೊಂಡು ಭತ್ತ ಹಾಕಿದವರ ಮೊಮ್ಮಕ್ಕಳು. ಮೂರು ತಲೆಮಾರಾದರೂ ಊರಿನವರು ಅವರನ್ನು ಕರೆಯುವುದು ಕ್ಯಾಂಪಿನವರು ಎಂದೇ. ಅದಕ್ಕೆ ಅವರಿಗೂ ಸಿಟ್ಟಿದೆ. ಆದರೆ ಬಂಗಾಳದಿಂದ ನಾಟಿಯ ಆಳುಗಳು ಬಂದಿಳಿದರೆ ಮೂಗು ಮುರಿಯುವವರಲ್ಲಿ ಅವರೇ ಮುಂದು. ತಮ್ಮ ಮೇಲೆ ಎಸೆದ ಮಾತನ್ನು ಜೋಪಾನವಾಗಿ ಎತ್ತಿಟ್ಟುಕೊಂಡು ಹಿಂದೆ ಬಂದವರ ಮೇಲೆ ಎಸೆಯುತ್ತಾರೆ.

ಬಳ್ಳಾರಿಯ ಶಾಲೆಯೊಂದರಲ್ಲಿ ನನಗೆ ಕನ್ನಡ ಟೀಚರ್ ಕೆಲಸ ಸಿಕ್ಕಿತು. ಮಗಳು ಮಿತಾಳಿಗೆ ಅಲ್ಲೇ ಹತ್ತನೆಯ ತರಗತಿ. ಅವಳು ಆ ವರ್ಷವನ್ನು ಒಂದೇ ಮನೆಯಲ್ಲಿ ಕೂತು ಓದಿ ಮುಗಿಸಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಬಿಪಿನ್ ಸಿರುಗುಪ್ಪದಲ್ಲೇ ಉಳಿದ. ಮನೆ ಹುಡುಕುತ್ತ ಒಂದು ತಿಂಗಳು ಅಲೆದೆ. ಎಲ್ಲ ಕಡೆ ಯಾವ ಜನ, ಮೀನು ತಿನ್ನುತ್ತೀರಾ ಎಂಬ ಪ್ರಶ್ನೆಗಳೇ. ಸರೋಜಮ್ಮ ಮಾತ್ರ ಟೀಚರ್ ಎಂಬ ಒಂದು ಮಾತಿಗೆ ಕೀಲಿ ಕೊಟ್ಟಿದ್ದರು. ಶಂಖ ಊದಿದ ಮರುದಿನ ಅವರು ಬಂದು ಕೂತು ನನ್ನ ಕೈಯ ಬಿಳಿ ಬಳೆಗಳನ್ನು ದಿಟ್ಟಿಸಿದರು. ಅದು ಶಾಂಖಾ, ಶಂಖವನ್ನು ಕೊಯ್ದು ಮಾಡಿದ ಬಳೆ, ನಾವು ಬಂಗಾಲಿಗಳು ಎಂದೆ. ಇಲ್ಲಿಯ ಮುತ್ತೈದೆಯರಿಗೆ ಹಸಿರು ಬಳೆ ಹೇಗೋ ನಮಗೆ ಇದು ಹಾಗೆ.

"ಟೀಚರ್, ನೀವು ಒಳ್ಳೇರದೀರಿ. ನನಗೇನೂ ಇಲ್ಲ. ಆದ್ರ ಬಂಗಾಲಿ ಅಂದ್ರ ಮಂದಿ ಬಾಂಗ್ಲಾದೇಶ ಅಂತಾರ. ನಾಳೆ ಯಾರರ ಬಂದು ವಿಚಾರಣಿ ಅಂದ್ರ ನಮ್ಮ ಮನಿ ಮಾನ ಹೋಗ್ತೈತಿ," ಎಂದರು.

"ನಮ್ಮ ಕಾಗದ ಎಲ್ಲಾ ಅದಾವ್ರಿ ಅಕ್ಕಾರ. ತೋರಿಸ್ತೀನಿ."

"ಕಾಗದ ಯಾರು ನೋಡ್ತಾರ? ಒಂದು ಕೆಲಸ ಮಾಡ್ರಿ. ತೆಲುಗಿನವ್ರು ಅಂದುಬಿಡ್ರಿ. ಸಿರುಗುಪ್ಪದಾಗ ಇದ್ದೀರಿ, ತೆಲುಗು ಬರ್ತೈತಿ. ಈ ಬಳಿ ತೆಗೀರಿ, ಆ ಶಂಖ ಪೆಟ್ಟಿಗ್ಯಾಗ ಇಡ್ರಿ. ಹುಡುಗಿ ಪರೀಕ್ಷಿ ಮುಗಿಯೂತನಾ ಇರ್ರಿ, ಯಾರು ಬ್ಯಾಡಂತಾರ?"

ನನಗೆ ಮೈ ಉರಿಯಿತು. ಅವರ ಗಂಡನ ಅಂಗಡಿ ಬ್ರೂಸ್‌ಪೇಟೆಯಲ್ಲಿದೆ. ಗಂಡನ ಅಜ್ಜ ಈಗ ಆಂಧ್ರದಲ್ಲಿರುವ ಆದೋನಿಯಿಂದ ಹತ್ತಿಯ ವ್ಯಾಪಾರಕ್ಕೆ ಬಂದವರು, ಅದನ್ನು ಸರೋಜಮ್ಮನೇ ಹೆಮ್ಮೆಯಿಂದ ಹೇಳಿದ್ದರು. ಅವರು ಬಂದಾಗ ಎರಡೂ ಊರು ಒಂದೇ ಮದ್ರಾಸ್ ಪ್ರಾಂತ್ಯ. ಆಮೇಲೆ ಗಡಿ ಅವರ ಬೆನ್ನ ಹಿಂದೆ ಬಂದು ಬಿತ್ತು, ಅವರು ಇತ್ತ ಉಳಿದರು. ಅವರ ಅಜ್ಜ ಬಂದರೆ ವ್ಯಾಪಾರ, ನನ್ನ ಅಜ್ಜ ಬಂದರೆ ನುಸುಳುವಿಕೆ. ಈ ಬಳ್ಳಾರಿಯಲ್ಲಿ ಮಂದಿ ಬೆರೆಯದ ಒಂದು ಓಣಿಯನ್ನಾದರೂ ಯಾರಾದರೂ ತೋರಿಸಲಿ. ನಾವು ಕೂತಿದ್ದ ಕಂಟೋನ್ಮೆಂಟನ್ನು ಕಟ್ಟಿದವರು ಸಮುದ್ರ ದಾಟಿ ಬಂದ ಬಿಳಿಯರು. ಅವರ ಪೈಕಿ ಒಬ್ಬನ ಹೆಸರನ್ನು ಪೇಟೆಗೆ ಇಟ್ಟುಕೊಂಡು ದಿನಕ್ಕೆ ನೂರು ಸಲ ಕರೆಯಲು ಇವರಿಗೆ ಯಾವ ಅಡ್ಡಿಯೂ ಇಲ್ಲ. ತರಕಾರಿಯವಳು ತೆಲುಗಿನಲ್ಲಿ ಬೆಲೆ ಹೇಳಿದರೆ ಕೊಳ್ಳುವವರು ಕನ್ನಡದಲ್ಲಿ ಚೌಕಾಸಿ ಮಾಡಿ ಉರ್ದುವಿನಲ್ಲಿ ಬೈಯುತ್ತಾರೆ. ಇಷ್ಟು ಬಗೆಯ ಜನ ಬಂದು ನೆಲೆಸಿ ಊರಾಗಿದೆ. ಇನ್ನು ಯಾರೂ ಬರಕೂಡದೆಂದು ಬಾಗಿಲು ಹಾಕುವ ಹಕ್ಕು ಎಲ್ಲರಿಗಿಂತ ಕೊನೆಗೆ ಒಳಬಂದವರಿಗೇ ಏಕೆ ಬೇಕು?

ಇದನ್ನೆಲ್ಲ ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಂದ ಬಂದದ್ದು, "ಆಗಲ್ರಿ ಅಕ್ಕಾರ."

ಸೋಪಿನ ನೊರೆ ಹಚ್ಚಿ ಬಳೆ ತೆಗೆದೆ. ಹದಿನಾರು ವರ್ಷ ಬಿಸಿಲು ಕಾಣದ ಜಾಗ ಮಣಿಕಟ್ಟಿನಲ್ಲಿ ಬಿಳಿಚಿಕೊಂಡಿತ್ತು. ಹಸಿರು ಬಳೆ ತೊಟ್ಟೆ. ಶಂಖ ಪೆಟ್ಟಿಗೆ ಸೇರಿತು. ಬಿಪಿನ್‌ಗೆ ಫೋನಿನಲ್ಲಿ ಹೇಳಿದಾಗ ಅವನು ಮಗಳ ಓದು ಮುಗಿಯಲಿ ಎಂದ.

ಸುಳ್ಳು ಒಮ್ಮೆ ಹೇಳಿದ ಮೇಲೆ ಜೀವನ ಹಗುರವಾಯಿತು ಎನ್ನಲು ನಾಚಿಕೆಯಾಗುತ್ತದೆ. ಪಕ್ಕದ ಮನೆಯವರು ತೆಲುಗಿನಲ್ಲಿ ಮಾತಾಡಿಸತೊಡಗಿದರು, ಹಬ್ಬಕ್ಕೆ ಹೋಳಿಗೆ ಕಳಿಸಿದರು. ಬೆಳಿಗ್ಗೆ ವಗ್ಗರಣಿ, ಮಿರ್ಚಿ ತಿನ್ನುವುದು ಕಲಿತೆವು. ವಗ್ಗರಣಿ ಎಂದರೆ ನೆನೆಸಿ ಹಿಂಡಿದ ಮಂಡಾಳಿಗೆ, ಅಂದರೆ ಮಂಡಕ್ಕಿಗೆ, ಒಗ್ಗರಣೆ ಕೊಟ್ಟದ್ದು. ಅದೇ ಮಂಡಾಳನ್ನು ನಾವು ಮುಡಿ ಎನ್ನುತ್ತೇವೆ, ಸಾಸಿವೆ ಎಣ್ಣೆ, ಹಸಿಮೆಣಸಿನಕಾಯಿ ಹಾಕಿ ಗರಿಗರಿಯಾಗಿಯೇ ತಿನ್ನುತ್ತೇವೆ. ತಿನ್ನುವ ಕಾಳು ಒಂದೇ, ಇವರು ನೆನೆಸುತ್ತಾರೆ, ನಾವು ನೆನೆಸುವುದಿಲ್ಲ. ಜಗಳಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಈವರೆಗೆ ಸಿಕ್ಕಿಲ್ಲ. ಆದರೆ ಮಿತಾ ನನ್ನನ್ನು ಮಾ ಎನ್ನುವುದನ್ನು ಬಿಟ್ಟಳು. ಮೊದಲು ಬೀದಿಯಲ್ಲಿ ಮಾತ್ರ ಅಮ್ಮ ಎನ್ನುತ್ತಿದ್ದವಳು ಮಳೆಗಾಲದ ಹೊತ್ತಿಗೆ ಅಡುಗೆಮನೆಯಲ್ಲೂ ಅಮ್ಮ ಎಂದಳು.

ಶ್ರಾವಣದ ಒಂದು ಭಾನುವಾರ ಬಿಪಿನ್‌ನನ್ನು ನೋಡಿಕೊಂಡು ನಾವಿಬ್ಬರೂ ಸಿರುಗುಪ್ಪದಿಂದ ವಾಪಸು ಬರುತ್ತಿದ್ದೆವು. ದಾರಿಯಲ್ಲಿ ನಾಟಿಯ ಗುಂಪೊಂದು ಬಸ್ಸು ಹತ್ತಿತು. ಎಂಟು ಗಂಡಸರು, ಇಬ್ಬರು ಹೆಂಗಸರು. ತಲೆಯ ಮೇಲೆ ಗಂಟು, ಕೈಯಲ್ಲಿ ಸಾಲು ಹಿಡಿಯುವ ಹಗ್ಗದ ಸುರುಳಿ. ಕಂಡಕ್ಟರ್ ಎಲ್ಲಿಗೆಂದು ಕೇಳಿದರೆ ಅವರು ಫೋನಿನಲ್ಲಿ ಬಂಗಾಲಿ ಅಕ್ಷರದ ಒಂದು ಹೆಸರು ತೋರಿಸಿದರು. ಅವನಿಗೆ ತಿಳಿಯಲಿಲ್ಲ. ಹಿಂದಿನ ಸೀಟಿನ ಮೀಸೆಯವರೊಬ್ಬರು, "ಬಾಂಗ್ಲಾದೇಶದವ್ರಲೇ ಇವ್ರು. ಇಳಿಸು ಅತ್ಲಾಗ," ಎಂದರು. ನಾಲ್ಕೈದು ಜನ ನಕ್ಕರು. ಅವರ ಮನೆಯ ಅನ್ನಕ್ಕೆ ಸಸಿ ನೆಡುವವರು ಯಾರೆಂದು ಆ ನಗುವವರಿಗೆ ಗೊತ್ತಿಲ್ಲದೆ ಏನಿಲ್ಲ.

ಗುಂಪಿನಲ್ಲಿದ್ದ ಒಬ್ಬ ಹೆಂಗಸು, ಇಪ್ಪತ್ತೈದರ ಆಚೀಚೆ, ಕೈತುಂಬ ಶಾಂಖಾ, ನನ್ನನ್ನೇ ನೋಡುತ್ತಿದ್ದಳು. ನನ್ನ ಮುಖ ನೋಡಿದಳು, ಹಸಿರು ಬಳೆ ಜಾರಿದಾಗ ಮಣಿಕಟ್ಟಿನ ಬಿಳಿ ಪಟ್ಟಿ ನೋಡಿದಳು. ಅವಳ ಮುಖ ಅರಳಿತು.

"ದಿದಿ, ಕುರ್ಗೊಡ್ ಆರ್ ಕೊತೊ ದೂರ್?" ಎಂದಳು. ಅಕ್ಕಾ, ಕುರುಗೋಡು ಇನ್ನೆಷ್ಟು ದೂರ ಎಂದು. ಅವಳ ಉಚ್ಚಾರದಲ್ಲಿ ಊರಿನ ಹೆಸರು ಕಂಡಕ್ಟರ್‌ಗೆ ತಿಳಿಯಲಿಲ್ಲ.

ಕಂಡಕ್ಟರ್ ನನ್ನ ಕಡೆ ತಿರುಗಿದ. "ಅಕ್ಕಾರ, ಇವ್ರ ಭಾಷಿ ನಿಮಗ ಬರ್ತೈತೇನ್ರಿ?"

ಎರಡು ಸೀಟಿನ ಮುಂದೆ ನಮ್ಮ ಓಣಿಯವರು ಕೂತಿದ್ದರು. "ಇಲ್ಲಪ್ಪ, ನನಗ ಬರಂಗಿಲ್ಲ," ಎಂದೆ.

ಅವಳ ಮುಖ ಹೇಗಾಯಿತೆಂದು ಬರೆಯಲಾರೆ. ಕಂಡಕ್ಟರ್ ಬೇಸತ್ತು, ಕುರುಗೋಡಿನ ದಾರಿ ಇನ್ನೂ ಎಷ್ಟೋ ಮುಂದಿರುವಾಗಲೇ ಸೀಟಿ ಊದಿ ಹತ್ತೂ ಜನರನ್ನು ಇಳಿಸಿದ. ಸಣ್ಣಗೆ ಮಳೆ ಹನಿಯುತ್ತಿತ್ತು. ಅವರು ರಸ್ತೆಯ ಪಕ್ಕ ಗಂಟು ಇಳಿಸಿಕೊಂಡು ಯಾವ ಕಡೆ ನಡೆಯುವುದೆಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ನನ್ನ ಒಂದು ಮಾತು ಸಾಕಿತ್ತು. ಬಾಯಿ ಬಿಡಲಿಲ್ಲ. ಬಳ್ಳಾರಿಯ ಮೇಲೆ, ಸಿರುಗುಪ್ಪದ ಕ್ಯಾಂಪಿನವರ ಮೇಲೆ ಇಷ್ಟು ಹೊತ್ತು ಹರಿಹಾಯ್ದ ನಾನು ಅವರೆಲ್ಲರಿಗಿಂತ ಕೆಟ್ಟದಾಗಿ ನಡೆದುಕೊಂಡೆ.

ಬಸ್ಸು ಹೊರಟು ಬಹಳ ಹೊತ್ತಾದ ಮೇಲೆ ಮಿತಾ ಕಿಟಕಿಯಾಚೆ ನೋಡುತ್ತಲೇ ಕೇಳಿದಳು.

"ಮಾ, ಆಕಿ ಕೇಳಿದ್ದು ನನಗ ತಿಳೀತು. ನಿನಗ ತಿಳೀಲಿಲ್ಲೇನು?"

ಮನೆ ಸೇರುವ ಹೊತ್ತಿಗೆ ದೀಪದ ಸಮಯವಾಗಿತ್ತು. ಕಾಲು ತೊಳೆದು ಬರುವಷ್ಟರಲ್ಲಿ ಮಿತಾ ಪೆಟ್ಟಿಗೆಯಿಂದ ಶಂಖ ತೆಗೆದು ದೀಪದ ಪಕ್ಕ ಇಟ್ಟಿದ್ದಳು. ಪುಸ್ತಕ ಬಿಡಿಸಿ ಕೂತಳು. ಓದುತ್ತಿರಲಿಲ್ಲ. ನಾನು ಏನು ಮಾಡುತ್ತೇನೆಂದು ಕಾಯುತ್ತಿದ್ದಳು.

ಬಾಗಿಲು ತೆರೆದಿಟ್ಟುಕೊಂಡೇ ಊದಿದೆ. ತಿಂಗಳುಗಟ್ಟಲೆ ಊದದೆ ಉಸಿರು ಹಿಡಿಯಲಿಲ್ಲ, ಮೊದಲನೆಯದು ಒಡೆದು ಹೋಯಿತು. ಎರಡನೆಯದು, ಮೂರನೆಯದು ಓಣಿಯ ತುದಿಯವರೆಗೆ ಕೇಳಿಸಿರಬೇಕು. ಜನ ಬಂದರು. ಸರೋಜಮ್ಮ ಎಲ್ಲರಿಗಿಂತ ಮುಂದೆ ಇದ್ದರು.

"ಏನಿದು ಟೀಚರ್? ನಾವು ಏನು ಮಾತಾಡಿದ್ವಿ?"

"ನಾವು ತೆಲುಗಿನವ್ರಲ್ರಿ," ಎಂದೆ, ಅವರಿಗಲ್ಲ, ಗೇಟಿನಲ್ಲಿ ನಿಂತ ಎಲ್ಲರಿಗೂ. "ಬಂಗಾಲಿ ಮಂದಿ. ಇಲ್ಲೇ ಹುಟ್ಟೀವಿ. ಯಾರೂ ಸತ್ತಿಲ್ಲ, ದೀಪ ಹಚ್ಚೀವಿ."

ಯಾರೂ ಕೂಗಾಡಲಿಲ್ಲ, ಒಬ್ಬೊಬ್ಬರೇ ಹೋದರು. ಹೋಳಿಗೆ ಕಳಿಸುತ್ತಿದ್ದವರು ಮೊದಲು ಹೋದರು. ಸರೋಜಮ್ಮ ಉಳಿದರು. ತಿಂಗಳ ಕೊನೆಗೆ ಮನೆ ಬಿಡಬೇಕೆಂದು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಆ ನೀರನ್ನು ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು. ಅಳುತ್ತ ಹೊರಗೆ ಹಾಕಿದರೂ ನಾವು ನಿಲ್ಲುವುದು ಬೀದಿಯಲ್ಲೇ.

ಈಗ ನಾವು ಕುರುಗೋಡಿನಲ್ಲಿದ್ದೇವೆ. ಬಳ್ಳಾರಿಯಲ್ಲಿ ನಡು ವರ್ಷದಲ್ಲಿ ಸಿಗದ ಮನೆ ಇಲ್ಲಿ ಸಿಕ್ಕಿತು. ನಾನು, ಮಗಳು ದಿನವೂ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ ಬರುತ್ತೇವೆ. ಅವಳು ನಿಂತುಕೊಂಡೇ ವಿಜ್ಞಾನ ಓದುತ್ತಾಳೆ. ಅವಳಿಗೆ ಒಂದೇ ಮನೆ, ಒಂದು ಮೇಜು ಎಂದು ನಾನು ಕೊಟ್ಟಿದ್ದ ಮಾತು ಉಳಿಯಲಿಲ್ಲ. ಬಂದ ಹೊಸದರಲ್ಲಿ ಶಾಂಖಾ ತೊಟ್ಟು ಸುತ್ತಲಿನ ಗದ್ದೆಗಳ ಬದುವಿನಲ್ಲಿ ಆ ಹೆಂಗಸನ್ನು ಹುಡುಕಿದೆ. ಗುಂಪು ನಾಟಿ ಮುಗಿಸಿ ಹೊರಟುಹೋಗಿತ್ತು. ಅವರು ನೆಟ್ಟ ಸಸಿ ಮಾತ್ರ ಹಗ್ಗ ಹಿಡಿದ ಗೆರೆಯಲ್ಲಿ ಹಸಿರಾಗಿ ನಿಂತಿತ್ತು. ಅದನ್ನು ಯಾರೂ ಎಲ್ಲಿಯದೆಂದು ಕೇಳುವುದಿಲ್ಲ.

ಇಲ್ಲಿಯೂ ಮೊದಲ ಸಂಜೆ ಶಂಖ ಊದಿದಾಗ ಎದುರು ಮನೆಯ ಅಜ್ಜಿ ಕೋಲೂರಿಕೊಂಡು ಬಂದರು. "ಯಾರು ತೀರಿಕೊಂಡ್ರವಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಿತಾ ಹೊರಗೆ ಹೋದಳು.

"ಯಾರೂ ಇಲ್ಲಬೇ ಅಜ್ಜಿ. ನಾವು ಬಂಗಾಲಿ ಮಂದಿ, ಸಂಜಿಗೆ ಹಿಂಗ ಊದ್ತೀವಿ. ದಿನಾ ಕೇಳಸ್ತೈತಿ, ಅಂಜಬ್ಯಾಡ."

ಆ ಮಾತಿನಲ್ಲಿ ನನ್ನ ಬಂಗಾಲಿಯ ಒಂದು ಎಳೆಯೂ ಇರಲಿಲ್ಲ, ಪೂರಾ ಬಳ್ಳಾರಿ ಸೀಮೆಯ ಹುಡುಗಿಯ ದನಿ. ನನಗೆ ಹೆಮ್ಮೆಯಾಯಿತು, ದುಃಖವೂ ಆಯಿತು. ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರ ನಾಳೆ ಕೇಳಲಿಲ್ಲಂದ್ರ ಬರ್ತೀನಿ, ಏನಾತು ಅಂತ," ಎಂದು ಕೋಲೂರಿಕೊಂಡು ಹಿಂದಿರುಗಿದರು.