ಲಿಂಗಯ್ಯ ಬಿಗಿ ಮಾಡಿದ ಸ್ಕ್ರೂ

ತೆರಕಣಾಂಬಿ ಲಿಂಗಯ್ಯ ಬಿಗಿ ಮಾಡಿದ್ದನ್ನು ಬಿಚ್ಚೋಕೆ ಲಿಂಗಯ್ಯನೇ ಬರಬೇಕು ಅಂತ ನಮ್ಮ ಕಡೆ ಒಂದು ಮಾತಿತ್ತು. ಅದು ಹೊಗಳಿಕೆ ಅಂತಲೇ ನಾವೆಲ್ಲ ತಿಳಿದಿದ್ದೆವು.

ಪಂಪ್‌ಸೆಟ್ ರಿಪೇರಿ ಅವನ ಕಸುಬು. ರೈತ ಚಳವಳಿಯಲ್ಲಿ ಮೈಕಿನ ಹೊಣೆಯೂ ಅವನದೇ. ಎಂಬತ್ತರ ದಶಕದಲ್ಲಿ ನಾವು ಹಸಿರು ಟವಲು ಹೆಗಲಿಗೆ ಹಾಕಿಕೊಂಡು ಚಾಮರಾಜನಗರಕ್ಕೆ ಹೊರಟರೆ ಮುಂದೆ ಒಂದು ಲಡಕಾಸಿ ಜೀಪು, ಅದರ ತಲೆ ಮೇಲೆ ಮೈಕಿನ ಹಾರ್ನು. ಆಗಿನ ರಸ್ತೆ ಅಂದರೆ ಗುಂಡಿಗಳ ನಡುವೆ ಅಲ್ಲಲ್ಲಿ ಟಾರು. ಒಂದು ಸಲ ಹಾರ್ನು ಕಳಚಿ ಎಮ್ಮೆಯೊಂದರ ಮುಂದೆ ಬಿತ್ತು. ಎಮ್ಮೆ ಬೆದರಿ ಓಡಿತು. ಅದನ್ನು ಹಿಡಿಯೋಕೆ ಅರ್ಧ ಮೆರವಣಿಗೆಯೂ ಓಡಿತು. ಅವತ್ತಿಂದ ಲಿಂಗಯ್ಯ ಯಾವ ಸ್ಕ್ರೂ ಹಾಕಿದರೂ ಅದು ಕಿರ್ ಅನ್ನುವ ತನಕ ತಿರುಗಿಸಿ, ಮೇಲೆ ಇನ್ನರ್ಧ ಸುತ್ತು ಕೊಡುತ್ತಿದ್ದ.

"ಸಡಿಲ ಬುಟ್ರೆ ಸರ್ಕಾರನೂ ಮಾತ್ ಕೇಳಲ್ಲ, ಸ್ಕ್ರೂನೂ ಕೇಳಲ್ಲ ಕಣ್ಲಾ" ಅನ್ನುತ್ತಿದ್ದ.

ಹೋದ ತಿಂಗಳು ಒಂದು ಭಾನುವಾರ ಚಂದಕವಾಡಿಯಿಂದ ಬಸ್ಸು ಹತ್ತಿ ಅವನನ್ನು ನೋಡೋಕೆ ಹೋದೆ. ಬಾಗಿಲಲ್ಲಿ ನನಗೆ ಮೊದಲು ಕಂಡದ್ದು ಅವನ ಅಂಡು. ತಲೆ, ಎರಡೂ ಕೈ ವಾಷಿಂಗ್ ಮೆಷಿನ್ನಿನ ಒಳಗಿದ್ದವು.

"ಬಾ ಸೋಮಣ್ಣ," ಅಂದಳು ಅವನ ಹೆಂಡತಿ ಚಿಕ್ಕನಿಂಗಮ್ಮ. "ನಿಮ್ಮ ಮುಖಂಡರು ಒಳಗಡೆ ಧರಣಿ ಕೂತವ್ರೆ. ಐದು ದಿನ ಆಯ್ತು, ಬೇಡಿಕೆ ಏನೂಂತ ಗೊತ್ತಿಲ್ಲ."

ಮೆಷಿನ್ನು ಅವಳದು. ಇಸ್ಕೂಲಲ್ಲಿ ಬಿಸಿಯೂಟದ ಅಡುಗೆ ಮಾಡಿ, ಆ ಸಂಬಳದಲ್ಲಿ ತಾನೇ ಹೋಗಿ ಆರಿಸಿ ತಂದದ್ದು. ಬಲ ಭುಜ ಮೇಲೆತ್ತೋಕೆ ಆಗುವುದಿಲ್ಲ ಅವಳಿಗೆ. ಕಲ್ಲಿನ ಮೇಲೆ ಬಟ್ಟೆ ಕುಕ್ಕಿದರೆ ಆ ಕೈಯ ಆಸೆ ಬಿಡಬೇಕು ಅಂತ ಡಾಕ್ಟರು ಹೇಳಿದ್ದರು. ಈಗ ಮೆಷಿನ್ನಿನ ತಳದಲ್ಲಿ ಬಟ್ಟೆ ತಿರುಗಿಸುವ ಚಕ್ರದ ಅಡಿಗೆ ಅದೇನೋ ಸಿಕ್ಕಿಕೊಂಡು ಕಟಕಟ ಅಂತಿತ್ತು, ಬಟ್ಟೆ ಹರಿಯುತ್ತಿತ್ತು. ಚಕ್ರ ಎತ್ತಬೇಕಾದರೆ ನಡುವಿನ ಒಂದು ಸ್ಕ್ರೂ ಬಿಚ್ಚಬೇಕು. ಅದರ ತಲೆ ಸವೆದು ಬೋಳಾಗಿತ್ತು. ಎಷ್ಟು ತಿರುಗಿಸಿದರೂ ಸ್ಕ್ರೂಡ್ರೈವರು ಜಾರುತ್ತಿತ್ತು.

ಚಾಮರಾಜನಗರದಿಂದ ಅಳಿಯ ಮಾದೇಶ್ ಒಬ್ಬ ಸರ್ವಿಸಿನವನನ್ನು ಕಳಿಸಿದ್ದನಂತೆ. ಅವನು ಬಗ್ಗಿ ನೋಡಿ, "ಇದು ಬರಲ್ಲಮ್ಮ, ಹೊಸ ಮೆಷಿನ್ ತಗೊಳಿ. ಯಾರ್ರೀ ಇದನ್ನ ಇಷ್ಟು ಬಿಗಿ ಮಾಡಿರೋದು?" ಅಂದನಂತೆ. ನಾನು ಹೋದ ದಿನವೇ ಸಂಜೆ ಅಳಿಯನೇ ಬಂದು ಇದನ್ನು ಎಕ್ಸ್‌ಚೇಂಜಿಗೆ ಹೊತ್ತುಕೊಂಡು ಹೋಗುವವನಿದ್ದ.

"ನನ್ನ ಮೆಷಿನ್ನು ಕೊಡಕಿಲ್ಲ," ಅಂದಳು ಚಿಕ್ಕನಿಂಗಮ್ಮ. "ಅಳಿಯನ್ ಕೈಲಿ ತರಿಸ್ಕಂಡು ಒಗೆಯೋದಕ್ಕಿಂತ ಕಲ್ಲೇ ವಾಸಿ. ಇವತ್ತು ಬಿಚ್ದೆ ಇದ್ರೆ ನಾಳೆ ಕಲ್ಲಿಗೆ ಓಗ್ತೀನಿ."

ಮೂಲೆಯಲ್ಲಿ ಐದು ದಿನದ ಬಟ್ಟೆ ಗುಡ್ಡೆ ಬಿದ್ದಿತ್ತು. ಅದನ್ನು ನೋಡಿ ನನಗೆ ಬೇರೊಂದು ಗುಡ್ಡೆ ನೆನಪಾಯಿತು. ಚಳವಳಿಯಲ್ಲಿ ಹಿಡಿದು ಹಾಕಿದ್ದ ನಮ್ಮನ್ನು ಮೈಸೂರು ಜೈಲಿಂದ ಬಿಟ್ಟ ದಿನ ಇಪ್ಪತ್ತಮೂರು ಜನ ಇದೇ ಮನೆಗೆ ಬಂದು ಬಿದ್ದೆವು. ಹೇನು ಹತ್ತಿದ ಪಂಚೆ, ಅಂಗಿ, ಟವಲು ಎಲ್ಲವನ್ನೂ, ಮದುವೆಯಾಗಿ ವರ್ಷ ತುಂಬದ ಈ ಹೆಣ್ಣುಮಗಳು ಕೆರೆಗೆ ಹೊತ್ತು ಒಗೆದು ತಂದಳು. ಟವಲಿನ ಬಣ್ಣ ಬಿಟ್ಟು ಅವಳ ಮದುವೆ ಸೀರೆ ಹಸಿರಾಯಿತು. ಚಿಕ್ಕನಿಂಗಮ್ಮನೂ ರೈತ ಸಂಘ ಸೇರಿದಳು ಅಂತ ನಾವು ಚಪ್ಪಾಳೆ ತಟ್ಟಿದೆವು. ಆ ಬಗ್ಗೆ ಭಾಷಣ ಮಾಡಿದವನು ನಾನೇ. ನಾವೆಲ್ಲ ಉಂಡ ಮೇಲೆ ಅವಳಿಗೆ ಹಿಟ್ಟು ಮಿಕ್ಕಿತ್ತಾ ಅಂತ ಯಾವನೂ ಕೇಳಲಿಲ್ಲ. ಆ ದಿನಗಳು ಚೆನ್ನಾಗಿದ್ದವು ಅಂತ ಈಗಲೂ ಅನ್ನುತ್ತೇನೆ. ನಮಗೆ ಚೆನ್ನಾಗಿದ್ದವು.

ಲಿಂಗಯ್ಯ ತಲೆ ಆಚೆ ತೆಗೆದ. ಎಪ್ಪತ್ತು ದಾಟಿದ ಮುಖ ಬೆವರಿತ್ತು. "ಬ್ಯಾಟ್ರಿ ಹಿಡಿಲಾ ಸೋಮ. ಬಾಯ್ ಮುಚ್ಕೊಂಡು ಹಿಡಿ, ಭಾಷಣ ಬ್ಯಾಡ."

ನಮ್ಮ ಬೋರ್‌ವೆಲ್ ನೀರಿನ ಉಪ್ಪು ಸ್ಕ್ರೂ ಸುತ್ತ ಬೆಳ್ಳಗೆ ಕಟ್ಟಿತ್ತು. ಹಿಂದಿನ ದಿನವೇ ಅವನು ಹುಣಸೆಹಣ್ಣು ಕಿವುಚಿ ಅದರ ಮೇಲಿಟ್ಟಿದ್ದ. ಈಗ ಅದನ್ನು ಬಳಿದು ತೆಗೆದು, ಸೈಕಲ್ ಟ್ಯೂಬಿನ ಒಂದು ತುಂಡನ್ನು ಸ್ಕ್ರೂ ತಲೆ ಮೇಲಿಟ್ಟು, ಡ್ರೈವರ್ ಅದುಮಿ ತಿರುಗಿಸಿದ. ರಬ್ಬರು ಹಿಡಿಯಿತು ಅನ್ನುವಷ್ಟರಲ್ಲಿ ಹರಿಯಿತು. ಕೊನೆಗೆ ಒಂದು ಸಣ್ಣ ಉಳಿ ತಂದ. ಸ್ಕ್ರೂ ತಲೆಯ ಅಂಚಿಗೆ ಅದನ್ನು ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟತೊಡಗಿದ. ಒಂದೇಟು ತಪ್ಪಿದರೆ ಪ್ಲಾಸ್ಟಿಕ್ ಚಕ್ರ ಒಡೆಯುತ್ತಿತ್ತು. ಅರ್ಧ ಗಂಟೆ ತಟ್ಟಿದ. ಟಕ್ ಅಂತ ಸದ್ದು ಬಂತು, ಸ್ಕ್ರೂ ಕೂದಲೆಳೆಯಷ್ಟು ತಿರುಗಿತು.

ಚಕ್ರ ಎತ್ತಿದರೆ ಅಡಿಯಲ್ಲಿ ಎರಡು ಅಂಗಿ ಗುಂಡಿ, ಒಂದು ಹೇರ್‌ಪಿನ್ನು.

ಹಳೇ ಸ್ಕ್ರೂ ಮತ್ತೆ ಹಾಕುವ ಹಾಗಿರಲಿಲ್ಲ. ಅವನ ಹತ್ತಿರ ಒಂದು ಡಬ್ಬಿ ಸ್ಕ್ರೂ ಇದ್ದವು: ಜೀಪಿಂದು, ಮೈಕಿಂದು, ಸತ್ತ ಪಂಪುಗಳದು. ಒಂದೊಂದಕ್ಕೂ ಕತೆ ಹೇಳುತ್ತಾ ಎಲ್ಲವನ್ನೂ ಹಾಕಿ ನೋಡಿದ. ಒಂದೂ ಕೂರಲಿಲ್ಲ. ಇಬ್ಬರೂ ಗುಂಡ್ಲುಪೇಟೆ ಬಸ್ಸು ಹತ್ತಿದೆವು.

ಬಸ್ಸಿನಲ್ಲಿ ಕಿಟಕಿ ಆಚೆ ನೋಡುತ್ತಾ ಅಂದ: "ಅದನ್ನ ಬಿಗಿ ಮಾಡಿದ್ದು ನಾನೇ ಕಣ್ಲಾ. ಎರಡು ವರ್ಸದ ಹಿಂದೆ. ಅವಳಿಗೆ ಹೇಳ್ಬ್ಯಾಡ."

"ಹೇಳಲ್ಲ ಬುಡು," ಅಂದೆ.

ಹಾರ್ಡ್‌ವೇರ್ ಅಂಗಡಿಯ ನೀಲಕಂಠಸ್ವಾಮಿ ನಮ್ಮನ್ನು ನೋಡಿ ನಕ್ಕ. "ಏನ್ ಲಿಂಗಯ್ಯಣ್ಣ, ಇನ್ನೊಂದ್ ಜೀಪ್ ತಗಂಡ್ರಾ? ಯಾರ್ ಮೇಲ್ ಓಗ್ತಾ ಇದೀರಿ ಈ ಸಲ?"

"ಯೆಂಡ್ರು ಮೇಲೆ," ಅಂದೆ ನಾನು.

"ಗೆದ್ದಂಗೇ ಬುಡಿ!"

ಹಳೆಯದರ ತಿರುಪಿನ ಗೆರೆಗೆ ಗೆರೆ ಹೋಲಿಸಿ, ತುಕ್ಕು ಹಿಡಿಯದ ಸ್ಟೀಲಿನದೊಂದು ಸ್ಕ್ರೂ, ಒಂದು ವಾಷರು ಕೊಟ್ಟ.

ಮನೆಗೆ ಬಂದಾಗ ಚಿಕ್ಕನಿಂಗಮ್ಮ ಮೆಷಿನ್ನಿನ ತೊಟ್ಟಿಯನ್ನೆಲ್ಲ ತೊಳೆದು ಕಾಯುತ್ತಿದ್ದಳು. ಲಿಂಗಯ್ಯ ಚಕ್ರ ಕೂರಿಸಿ, ಸ್ಕ್ರೂ ಬಿಟ್ಟು, ತಿರುಗಿಸಿದ. ಅದು ಕೂತಿತು. ಅವನ ಮಣಿಕಟ್ಟು ಇನ್ನರ್ಧ ಸುತ್ತಿಗೆ ಅಣಿಯಾಯಿತು. ಅವಳು ಫಟ್ಟನೆ ಅವನ ಕೈ ಮೇಲೆ ಒಂದು ಬಿಟ್ಟಳು.

"ಸಾಕು ಬುಡಿ! ಜೀಪ್ ಅಲ್ಲ ಇದು. ಆ ಸರ್ವಿಸಿನೋನು ಯಾರು ಬಿಗಿ ಮಾಡಿದ್ದು ಅಂದಾಗ ತೊಲೆ ಎಣಿಸ್ತಾ ಕೂತಿದ್ರಲ್ಲ, ನಂಗೆ ಗೊತ್ತಿಲ್ಲ ಅನ್ಕಂಡ್ರಾ?"

ಡ್ರೈವರ್ ಕಿತ್ತುಕೊಂಡು ಎಡಗೈಯಲ್ಲಿ ತಾನೇ ಒಂದು ಸಲ ಮುಟ್ಟಿ ನೋಡಿದಳು. ನೀರು ಬಿಟ್ಟು ಗುಂಡಿ ತಿರುಗಿಸಿದಳು. ಚಕ್ರ ಆ ಕಡೆ, ಈ ಕಡೆ, ಸದ್ದಿಲ್ಲದೆ ತಿರುಗಿತು. ಮಾದೇಶನಿಗೆ ಫೋನು ಮಾಡಿ, "ಬರೋದಾದ್ರೆ ಊಟಕ್ ಬಾಪ್ಪ, ಗಾಡಿ ತರಬ್ಯಾಡ" ಅಂದಳು.

ಲಿಂಗಯ್ಯನಿಗೆ ಹುಮ್ಮಸ್ಸು ಬಂತು. ಟ್ರಂಕಿನಿಂದ ತನ್ನ ಹಸಿರು ಟವಲು ತಂದು, ಮೊದಲು ಇದೇ ಆಗಲಿ ಅಂತ ತೊಟ್ಟಿಗೆ ಹಾಕೋಕೆ ಹೋದ. ಅವಳು ಅದನ್ನು ಗಾಳಿಯಲ್ಲೇ ಹಿಡಿದು ಅವನ ಎದೆಗೆ ಎಸೆದಳು.

"ಅದು ಬಣ್ಣ ಬುಡ್ತದೆ. ನನ್ನ ಮೆಷಿನ್ನಿಗೆ ಬ್ಯಾಡ. ಆಚೆ ಕಲ್ ಅದೆ, ಓಗಿ ಒಗ್ಕಳಿ."

ಲಿಂಗಯ್ಯ ನನ್ನ ಮುಖ ನೋಡಿದ. ನಾನು ನನ್ನ ಹೆಗಲ ಮೇಲಿನದನ್ನೂ ತೆಗೆದುಕೊಂಡು ಅವನ ಹಿಂದೆ ಹಿತ್ತಲಿಗೆ ಹೋದೆ. ಇಬ್ಬರೂ ಸರದಿ ಮೇಲೆ ಕುಕ್ಕಿದೆವು. ಎರಡೇ ಟವಲು. ಹತ್ತು ನಿಮಿಷಕ್ಕೆ ನನ್ನ ಭುಜ ಹಿಡಿದುಕೊಂಡಿತು.

"ನೋಯ್ತದಾ ಸೋಮಣ್ಣ?" ಅಡುಗೆಮನೆ ಕಿಟಕಿಯಿಂದ ಚಿಕ್ಕನಿಂಗಮ್ಮ ಕೇಳಿದಳು.

"ಊಂ ಕಣವ್ವ," ಅಂದೆ.

"ಜೈಲಿಂದ ಬಂದ ದಿನದ್ ಲೆಕ್ಕಕ್ಕೆ ಇನ್ನ ಇಪ್ಪತ್ತೊಂದ್ ಅವೆ ಅನ್ಕಳಿ," ಅಂದು ಒಳಗೆ ಹೋದಳು.