ಕಾಲು ಚಾಚುವಷ್ಟು ಉದ್ದದ ಕಾರು

ಆಯುಸ್ಸಿನ ಅರ್ಧಕ್ಕೂ ಹೆಚ್ಚನ್ನು ಬಸ್ಸಿನ ಸ್ಟಿಯರಿಂಗ್ ಹಿಂದೆ ಕಳೆದವನು ಅವನು. ನಿಂತ ಪ್ರಯಾಣಿಕರು ಕಂಬಿ ಹಿಡಿಯಬೇಕಿಲ್ಲದ ಹಾಗೆ ಓಡಿಸುತ್ತಿದ್ದನೆಂದು ಡಿಪೋದವರು ಅವನನ್ನು ಮೆಲ್ಲಗಣ್ಣ ಎನ್ನುತ್ತಿದ್ದರು. ರಸ್ತೆಯಲ್ಲಿ ಒಂದು ಗೀರೂ ಆಗದವನು ಡಿಪೋದ ಎಣ್ಣೆ ನೀರಿನಲ್ಲಿ ಜಾರಿ ಬಿದ್ದ. ಸೊಂಟದ ಕೀಲು ಪುಡಿಯಾಯಿತು. ಆಪರೇಷನ್ ಆಯಿತು, ಕೀವು ಕಟ್ಟಿತು, ಮತ್ತೆ ಆಪರೇಷನ್ ಆಯಿತು. ಕೊನೆಗೆ ಬಲಗಾಲು ಮಡಚದ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಊರುಗೋಲಿನ ಮೇಲೆ ನಿಲ್ಲಬಹುದು, ಮಲಗಬಹುದು. ಕೂತೇ ದುಡಿದವನಿಗೆ ಕೂರುವುದೊಂದು ಇಲ್ಲದಾಯಿತು.

ವಾಸಿಯಾಗದ ಗಾಯ ತೋರಿಸಲು ವಾರ ವಾರವೂ ಪಕ್ಕದ ಪಟ್ಟಣದ ಆಸ್ಪತ್ರೆಗೆ ಹೋಗಬೇಕಿತ್ತು. ಪ್ರತಿ ಸಲವೂ ಆಂಬುಲೆನ್ಸ್ ಕರೆಸುವುದು ಕೈಗೆಟುಕುವ ಮಾತಲ್ಲ. ಹೆಂಡತಿ ಪರದೆ ಹೊಲಿಯುವವಳು. ಬಟ್ಟೆಯ ಸುರುಳಿ, ಉದ್ದದ ಪರದೆ ಕಂಬಿಗಳನ್ನು ಮನೆಮನೆಗೆ ಸಾಗಿಸಲು ಅವಳಿಗೂ ಗಾಡಿ ಬೇಕಿತ್ತು. ಹಳೆಯದೊಂದು ಸ್ಟೇಷನ್ ವ್ಯಾಗನ್ ಕೊಂಡರೆ ಎರಡೂ ಕೆಲಸವಾದೀತೆಂದು ಅವಳೇ ಯೋಚಿಸಿದಳು. ಅದರಲ್ಲಿ ಹಿಂದಿನ ಸೀಟು ಮಡಚಿದರೆ ಡಿಕ್ಕಿಯವರೆಗೂ ಒಂದೇ ಹಾಸು.

ಕಾರು ನೋಡಲು ಅವಳು ಮೈದುನನ ಜೊತೆ ಹೊರಟಳು. ಮೆಲ್ಲಗಣ್ಣ ಮಂಚದಿಂದಲೇ ಪಾಠ ಮಾಡಿ ಕಳಿಸಿದ. “ಪಾಲಿಶ್ ನೋಡಿ ಮರುಳಾಗ್ಬೇಡಿ. ಇಂಜಿನ್ ಚೆನ್ನಾಗಿರ್ಬೇಕು, ಪೆಟ್ರೋಲ್ ಕಮ್ಮಿ ಕುಡೀಬೇಕು. ಸ್ಟಾರ್ಟ್ ಮಾಡಿ ಫೋನ್ ಹತ್ರ ಹಿಡೀರಿ, ನಾನು ಕೇಳಿಸ್ಕೋತೀನಿ.”

ಮೊದಲು ನೋಡಿದ್ದು ಬೂದುಬಣ್ಣದ ಕಾರು. ಫೋನಿನಲ್ಲಿ ಅದರ ಸದ್ದು ಕೇಳುತ್ತಲೇ ಅವನು ಕಣ್ಣು ಮುಚ್ಚಿದ. “ಇದೇ ಕಣೇ. ಹೊಲಿಗೆ ಮಿಷನ್ ಥರ ಓಡ್ತಿದೆ. ಬಿಡ್ಬೇಡ.”

ಅವಳು ಕೊರಳಲ್ಲಿದ್ದ ಟೇಪು ತೆಗೆದು ಒಳಗೆ ಹಿಡಿದಳು. “ಉದ್ದ ಒಂದು ಗೇಣು ಕಮ್ಮಿ ಬೀಳುತ್ತೆ ರೀ.”

“ಕಾಲು ಓರೆಯಾಗಿ ಇಟ್ಕೊಂಡ್ರಾಯ್ತು.”

“ಓರೆ ಇಡೋಕೆ ಅಗಲಾನೂ ಇಲ್ಲ.”

ಎರಡನೆಯದು ಹಸಿರು ಕಾರು. ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಯಿತು.

“ಹೊಗೆ ಯಾವ ಬಣ್ಣ ಇದೆ?” ಎಂದು ಮೆಲ್ಲಗಣ್ಣ ಕೇಳಿದ.

“ಹೊಗೆ ಬಣ್ಣಾನೇ ಇದೆ ಅಣ್ಣಾ,” ಎಂದ ತಮ್ಮ.

“ನಿನ್ನ ತಲೆ! ಅತ್ತಿಗೆಗೆ ಕೊಡೋ.”

“ನೀಲಿ ರೀ,” ಎಂದಳು ಅವಳು.

“ಹಾಗಾದ್ರೆ ಎಣ್ಣೆ ಕುಡಿಯುತ್ತೆ. ಸುಮ್ನೆ ಮನೆಗೆ ಬನ್ನಿ.”

ಫೋನು ಕಟ್ಟಾಯಿತು. ಅವನು ಮತ್ತೆ ಮತ್ತೆ ಕರೆ ಮಾಡಿದರೂ ಯಾರೂ ಎತ್ತಲಿಲ್ಲ. ಅಲ್ಲಿ ಅವಳು ಟೇಪನ್ನು ಹಿಡಿದು ನೋಡಿದ್ದಷ್ಟೇ ಅಲ್ಲ, ಚಪ್ಪಲಿ ಬಿಟ್ಟು ಕಾರಿನ ಹಿಂಭಾಗಕ್ಕೆ ಹತ್ತಿ ಅಂಗಾತ ಮಲಗಿದ್ದಳು. ಮಾರುವವನು ಏನು ಮಾಡಬೇಕೆಂದು ತೋಚದೆ ಬೇರೆ ಕಡೆ ನೋಡುತ್ತಿದ್ದ. ಅವಳ ಕಾಲಿನಾಚೆ ಮೊಳದಷ್ಟು ಜಾಗ ಉಳಿದಿತ್ತು.

ಸಂಜೆ ಬೀದಿಯ ತಿರುವಿನಲ್ಲಿ ಇಂಜಿನ್ನಿನ ಅದೇ ಕೆಮ್ಮು ಕೇಳಿಸಿತು. ಮೆಲ್ಲಗಣ್ಣನಿಗೆ ಮಂಚದಲ್ಲೇ ಗೊತ್ತಾಯಿತು.

“ಅದನ್ನೇ ತಂದ್ಯಾ? ನನ್ನ ಮಾತಿಗೆ ಬೆಲೇನೇ ಇಲ್ವಾ?”

“ಇಂಜಿನ್ ಬಿಚ್ಚಿ ಸರಿ ಮಾಡೋರು ಸಿಗ್ತಾರೆ. ನಿಮ್ಮ ಕಾಲು ಮಡಚಿಕೊಡೋರು ಯಾರಿದ್ದಾರೆ? ನಾನೇನು ಮಾಡ್ಲಿ, ನೀವೇ ಹೇಳಿ.”

ಮೆಲ್ಲಗಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಅವನಿಂದ ಆಗುತ್ತಿದ್ದುದು ಅಷ್ಟೇ.

ಆಸ್ಪತ್ರೆಯ ದಿನ ತಮ್ಮ ಕಾರು ಓಡಿಸಿದ, ಅವಳು ಮುಂದೆ ಕೂತಳು. ಹಿಂದೆ ಹಾಸಿಗೆಯ ಮೇಲೆ ಮಲಗಿದ್ದ ಮೆಲ್ಲಗಣ್ಣನಿಗೆ ಕಾಣುತ್ತಿದ್ದುದು ಚಾವಣಿ ಮತ್ತು ಹಿಂದಕ್ಕೆ ಸರಿಯುವ ರಸ್ತೆ ಮಾತ್ರ. ಗೇರು ಕಿರುಗುಟ್ಟಿದಾಗಲೆಲ್ಲ “ಕ್ಲಚ್ಚು ಪೂರ್ತಿ ಒತ್ತೋ” ಎಂದು ಹಲ್ಲು ಕಚ್ಚುತ್ತಿದ್ದ. ಮೇಲ್ಸೇತುವೆಯ ಏರಿನಲ್ಲಿ ಕಾರು ಏದುಸಿರು ಬಿಟ್ಟು ನಿಂತಿತು. ಮುಂದಿನಿಂದ ಹಬೆ ಎದ್ದಿತು. ತಮ್ಮ ಇಳಿದು ಹೋಗಿ ಬಾನೆಟ್ ಎತ್ತಿದ ಸದ್ದು ಕೇಳಿಸಿತು.

“ರೇಡಿಯೇಟರ್ ಮುಚ್ಚಳ ಮುಟ್ಬೇಡ ಅನ್ನೇ ಅವನಿಗೆ!” ಮೆಲ್ಲಗಣ್ಣ ಕೂಗಿದ. ಹಿಂದಿನ ಗಾಡಿಗಳ ಹಾರನ್ನುಗಳ ಗದ್ದಲದಲ್ಲಿ ಮಾತು ಅವಳಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಅರಚಿದಾಗ ಅವಳು ಬಾಗಿಲು ತೆರೆದು ಓಡಿದಳು. ಅಷ್ಟರಲ್ಲಿ ತಮ್ಮನ ಚೀತ್ಕಾರ ಕೇಳಿಸಿತು. ಮೆಲ್ಲಗಣ್ಣ ಎದ್ದೇಳಲು ಹೋಗಿ ಮತ್ತೆ ಹಾಸಿಗೆಗೆ ಬಿದ್ದ. ಹಿಂಬಾಗಿಲು ಒಳಗಿನಿಂದ ತೆರೆಯುವಂಥದ್ದಲ್ಲ. ಗಾಜಿಗೆ ಗುದ್ದುತ್ತ, “ಏನಾಯ್ತೋ? ಕಣ್ಣಿಗೆ ಬಿತ್ತಾ? ಯಾರಾದ್ರೂ ಹೇಳ್ರೋ!” ಎಂದು ಕೇಳುತ್ತಲೇ ಇದ್ದ. ಹಿಂದಿನ ಲಾರಿಯವನು ಅವನನ್ನು ನೋಡಿ ಹಾರನ್ನು ಒತ್ತುವುದನ್ನು ನಿಲ್ಲಿಸಿದ.

ಮುಚ್ಚಳ ತೆಗೆಯುತ್ತಲೇ ಚಿಮ್ಮಿದ ಕುದಿನೀರಿಗೆ ಸುಟ್ಟದ್ದು ತಮ್ಮನ ಕೈ ಮಾತ್ರ. ಬೇರೆ ಗಾಡಿಯೊಂದು ಕಾರನ್ನು ಎಳೆದುಕೊಂಡು ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಮೆಲ್ಲಗಣ್ಣನ ಡಾಕ್ಟರು ಹೊರಟುಹೋಗಿದ್ದರು. ತಮ್ಮನ ಕೈಗೆ ಪಟ್ಟಿ ಕಟ್ಟಿಸಿಕೊಂಡು, ಕಾರನ್ನು ಮತ್ತೆ ಎಳೆಸಿಕೊಂಡೇ ಮೂವರೂ ವಾಪಸಾದರು. “ನಾನು ಹೇಳಿದ್ದೆ” ಎನ್ನಲು ಮೆಲ್ಲಗಣ್ಣನಿಗೆ ಬಾಯಿ ಬರಲಿಲ್ಲ. ತಮ್ಮನ ಭುಜದ ಮೇಲೆ ಕೈಯಿಟ್ಟು, “ನಾನು ಎದ್ದು ಬರೋಕಾಗ್ಲಿಲ್ಲ ಕಣೋ” ಎಂದಷ್ಟೇ ಹೇಳಿದ.

ಮೆಕ್ಯಾನಿಕ್ ಇಂಜಿನ್ ಬಿಚ್ಚಿ ಕಟ್ಟಿಕೊಟ್ಟ. ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು. ಅವಳು ಗಾಡಿ ಓಡಿಸಲು ಕಲಿತಳು. ಅವಳ ಬ್ರೇಕು ಇನ್ನೂ ಒರಟು. ಅವನು ಈಗ ಹಿಂದಿನಿಂದ ಏನೂ ಹೇಳುವುದಿಲ್ಲ, ಗಾಜಿನಾಚೆ ನೋಡುತ್ತಿರುತ್ತಾನೆ.

“ನೋವಾಗ್ತಿದೆಯಾ ರೀ?” ಎಂದು ಅವಳು ಮುಂದಿನಿಂದ ಕೇಳುತ್ತಾಳೆ.

“ಇಲ್ಲ. ನೀನು ರಸ್ತೆ ನೋಡು,” ಎನ್ನುತ್ತಾನೆ.